ಇದ್ದಂಗೆ ತೆಗೆದ ಫೋಟೋ

ಹನೂರಿನ ಬಸ್‌ಸ್ಟ್ಯಾಂಡ್ ಪಕ್ಕದ ಫೋಟೋ ಸ್ಟುಡಿಯೋ ಯಜಮಾನರ ಕೆಳತುಟಿಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಇತ್ತು. ಹುಟ್ಟುಮಚ್ಚೆಯಲ್ಲ. ಕಂಪ್ಯೂಟರ್ ಬರುವ ಮೊದಲು ಅವರು ಫೋಟೋಗಳನ್ನು ಕುಂಚದಲ್ಲಿ ತಿದ್ದುತ್ತಿದ್ದರು. ಶಾಯಿಗೆ ಅದ್ದಿದ ಕುಂಚದ ತುದಿ ಚೂಪಾಗಲೆಂದು ತುಟಿಗೆ ಒತ್ತಿಕೊಂಡು, ಒತ್ತಿಕೊಂಡು, ಶಾಯಿ ಅಲ್ಲೇ ಮನೆ ಮಾಡಿಬಿಟ್ಟಿತ್ತು. “ಊರಿನವರ ಕಲೆಯನ್ನೆಲ್ಲ ಅಳಿಸ್ತೀರಿ, ಇದೊಂದನ್ನ ಯಾಕೆ ಬಿಟ್ಟಿದ್ದೀರಿ?” ಎಂದು ಕೇಳಿದರೆ, “ಅದು ಅಂಗ್ಡಿ ಬೋರ್ಡು ಕಣವ್ವಾ” ಎನ್ನುತ್ತಿದ್ದರು.

ಹಣೆಗೆ ಅಡ್ಡ ವಿಭೂತಿ, ಕುತ್ತಿಗೆಗೆ ನೇತುಹಾಕಿದ ಕನ್ನಡಕ, ವರ್ಷಪೂರ್ತಿ ಅರ್ಧ ತೋಳಿನ ಬಿಳಿ ಅಂಗಿ. ಮಾದಪ್ಪನ ಬೆಟ್ಟಕ್ಕೆ ಹೊರಟ ಹೊಸ ಗಂಡ ಹೆಂಡತಿಯರು ಬಸ್ಸು ತಡವಾದರೆ ಇವರ ಅಂಗಡಿಗೆ ನುಗ್ಗಿ ಒಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. “ಉಸ್ರು ಬುಡಿ, ಕ್ಯಾಮ್ರಾ ಕಚ್ಚಾಕಿಲ್ಲ” ಎಂದು ನಗಿಸಿ ಕ್ಲಿಕ್ಕಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಮುಂದೆ ಕೂತು ಮೊಡವೆ, ಸಿಡುಬಿನ ಗುಳಿ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಒರೆಸಿಹಾಕುತ್ತಿದ್ದರು. ಯಾರೂ ಕೇಳದಿದ್ದರೂ ಒರೆಸುತ್ತಿದ್ದರು. “ದೇವ್ರು ಅವಸ್ರದಲ್ಲಿ ಮಾಡ್ಬುಟ್ಟವ್ನೆ, ನಾವು ಪುರ್ಸೊತ್ತಾಗಿ ತಿದ್ಬೇಕು” ಎಂಬುದು ಅವರ ವಾದ. ರಾಮಾಪುರದ ಮುದುಕರೊಬ್ಬರ ಪಿಂಚಣಿ ಅರ್ಜಿ ಒಮ್ಮೆ ವಾಪಸ್ಸು ಬಂದಿತ್ತು. ಮಗನ ಫೋಟೋ ಅಂಟಿಸಿದ್ದೀರಿ, ನಿಮ್ಮದು ಕೊಡಿ ಎಂದು ಕಚೇರಿಯವರು ಅಂದಿದ್ದರಂತೆ. ಆ ಮುದುಕರು ಜಗಳಕ್ಕೆಂದು ಬಂದವರು, ಫೋಟೋವನ್ನು ಇನ್ನೊಮ್ಮೆ ನೋಡಿಕೊಂಡು, ಅದರದ್ದೇ ಇನ್ನೊಂದು ಪ್ರತಿ ಹಾಕಿಸಿಕೊಂಡು ಹೋದರು.

ಇಂಥವರ ಮುಂದೆ ನಾನು ನನ್ನ ಕೈ ಚಾಚಿದ್ದು ಕೊರೊನಾ ಮುಗಿದ ಮಾರನೇ ವರ್ಷ.

ಆಗ ನಾನು ಹನೂರಿನಲ್ಲೇ ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಕೆಲಸಕ್ಕಿದ್ದೆ. ಕುದಿಸಿದ ಗೂಡುಗಳು ಬಿಸಿನೀರಿನ ತೊಟ್ಟಿಯಲ್ಲಿ ತೇಲುತ್ತಿರುತ್ತವೆ. ಅದರೊಳಗೆ ಬೆರಳಿಟ್ಟು ಎಳೆ ಹುಡುಕುವುದು ನಮ್ಮ ಕೆಲಸ. ಒಂದು ದಿನ ನನ್ನ ಎಡ ಮೊಣಕೈಯ ಕೆಳಗೆ ಹಳೆಯ ಒಂದು ರೂಪಾಯಿಯಗಲ ಬಿಳಿಚಿದ ಮಚ್ಚೆ ಕಾಣಿಸಿತು. ಅವ್ವ ತೊನ್ನೆಂದು ಹೆದರಿ ಉದ್ದ ತೋಳಿನ ರವಿಕೆ ಹೊಲಿಸಿದಳು. ಮನೆಯಲ್ಲಿ ಮದುವೆಯ ಮಾತು ನಡೆದಿತ್ತು. ಮೈಸೂರಿನ ಚರ್ಮದ ಡಾಕ್ಟರಮ್ಮ ಒಬ್ಬರು ಫೋನಿನಲ್ಲೇ ನೋಡುತ್ತಾರೆ, ಫೋಟೋ ಕಳಿಸಿದರೆ ಸಾಕು ಎಂದು ಔಷಧಿ ಅಂಗಡಿಯವರು ಹೇಳಿದರು. ನನ್ನದು ಗುಂಡಿ ಒತ್ತುವ ಫೋನು. ಹಾಗಾಗಿ ಸ್ಟುಡಿಯೋಗೆ ಹೋದೆ.

ಯಜಮಾನರು ಕೈಯನ್ನು ನೀಲಿ ಪರದೆಯ ಮುಂದಿಟ್ಟು, ಎರಡು ದೀಪ ಹಾಕಿ, ಮದುಮಗಳ ಕೈಯೇನೋ ಎಂಬಂತೆ ಫೋಟೋ ತೆಗೆದರು. ಕಂಪ್ಯೂಟರಿಗೆ ಇಳಿಸಿಕೊಂಡು, ತಮ್ಮ ಫೋನಿನಿಂದಲೇ ಡಾಕ್ಟರಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೆ ಡಾಕ್ಟರ ಪ್ರಶ್ನೆಗಳು ಬಂದವು. ತುರಿಕೆ ಇದೆಯೇ, ಎಷ್ಟು ದಿನದಿಂದ ಇದೆ, ಮಚ್ಚೆಯ ಮೇಲೆ ಮುಟ್ಟಿದರೆ ಗೊತ್ತಾಗುತ್ತದೆಯೇ. ಯಜಮಾನರು ಫೋನನ್ನು ನನ್ನ ಕೈಗೆ ಕೊಟ್ಟು ಬೇರೆ ಗಿರಾಕಿಯ ಕಡೆ ಹೋದರು. ಕೊನೆಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಅಲ್ಲಿ ಸರಿಯಾಗಿ ಗೊತ್ತಾಗುವುದಿಲ್ಲ ಎಂದು ನನಗೆ ಅನುಮಾನವಿತ್ತು. ಆದರೂ ‘ಗೊತ್ತಾಗುತ್ತದೆ’ ಎಂದು ಒತ್ತಿ ಕಳಿಸಿದೆ. ಏನು ಕೇಳಬೇಕಾಗುತ್ತದೋ ಎಂಬ ಭಯ, ಅಷ್ಟೇ.

ಚರ್ಮ ಒಣಗಿದೆ, ಮುಲಾಮು ಹಚ್ಚಿ, ಕಡಿಮೆಯಾಗದಿದ್ದರೆ ಮತ್ತೆ ತೋರಿಸಿ ಎಂದು ಉತ್ತರ ಬಂತು. ಅವ್ವ ಮಾದಪ್ಪನಿಗೆ ಕಾಯಿ ಒಡೆದಳು.

ಎರಡು ತಿಂಗಳು ಮುಲಾಮು ಹಚ್ಚಿದೆ. ಒಂದು ಬೆಳಗ್ಗೆ ಕೆಲಸದಲ್ಲಿ ಪಕ್ಕದ ಹೆಂಗಸು, “ಅಯ್ಯೋ, ಕೈ ನೋಡ್ಕಳೇ, ಬೊಬ್ಬೆ ಎದ್ದದೆ!” ಎಂದು ಕೂಗಿದಳು. ತೊಟ್ಟಿಯ ನೀರು ಯಾವಾಗಲೋ ಸಿಡಿದು ಮಚ್ಚೆಯ ಮೇಲೆ ಗುಳ್ಳೆಯೆದ್ದಿತ್ತು. ನನಗೆ ಉರಿಯೇ ಆಗಿರಲಿಲ್ಲ. ಸೆರಗು ಮುಚ್ಚಿಕೊಂಡು ನೇರ ಸ್ಟುಡಿಯೋಗೆ ಓಡಿದೆ.

ಮಚ್ಚೆ ಎಷ್ಟು ಬೆಳೆದಿದೆ ನೋಡೋಣವೆಂದು ಯಜಮಾನರು ಹಳೆಯ ಫೋಟೋ ತೆರೆದರು. ಎರಡು ಇದ್ದವು. ಮೊದಲನೆಯದರಲ್ಲಿ ಮಚ್ಚೆ ಅಂಚು ಸಮೇತ ಎದ್ದು ಕಾಣುತ್ತಿತ್ತು. ಎರಡನೆಯದರಲ್ಲಿ ತುಸು ಮಾಸಲು, ಅಷ್ಟೇ. ಕೈ ನುಣ್ಣಗೆ ಹೊಳೆಯುತ್ತಿತ್ತು. ಡಾಕ್ಟರಿಗೆ ಹೋಗಿದ್ದು ಎರಡನೆಯದು. ತಾವು ತಿದ್ದಿದ್ದು ಅವರಿಗೇ ನೆನಪಿರಲಿಲ್ಲ. ಮದುವೆಗೆ ಬಂದ ಹುಡುಗಿ, ಕಲೆ ಎಂದ ಕೂಡಲೇ ಬೆರಳು ತಾನಾಗಿ ಓಡಿತ್ತು.

ಅವರು ಪರದೆಯನ್ನು ನನ್ನ ಕಡೆ ತಿರುಗಿಸದಿದ್ದರೆ ನನಗೆ ಈ ಜನ್ಮದಲ್ಲಿ ತಿಳಿಯುತ್ತಿರಲಿಲ್ಲ. ತಿರುಗಿಸಿದರು.

“ನೋಡವ್ವಾ, ಇದು ನಿನ್ ಕೈ. ಇದು ನಾನ್ ಮಾಡಿದ್ದು. ಡಾಕ್ಟ್ರಿಗೆ ಸುಳ್ಳು ತೋರುಸ್ಬುಟ್ಟೆ.”

ನಾನೂ ಸುಳ್ಳು ಹೇಳಿದ್ದೆ. ಅದನ್ನು ಹೇಳಲು ಬಾಯಿ ಬರಲಿಲ್ಲ.

ಅವರು ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ನನ್ನನ್ನು ಹಿಂದಿನ ಓಣಿಯ ಬಿಸಿಲಿಗೆ ಕರೆದೊಯ್ದರು. ಮಚ್ಚೆಯ ಪಕ್ಕ ಸ್ಕೂಲು ಮಕ್ಕಳ ಸ್ಕೇಲು ಇಟ್ಟು ಫೋಟೋ ತೆಗೆದರು. ಹಾಗೇ ಕಳಿಸಿದರು. ಡಾಕ್ಟರಮ್ಮ ತಕ್ಷಣ ವಿಡಿಯೋದಲ್ಲಿ ಬಂದು, ಹತ್ತಿಯ ಎಳೆಯಿಂದ ಮುಟ್ಟಿ ನೋಡಿ ಎಂದರು. ಲೆನ್ಸ್ ಒರೆಸುವ ಹತ್ತಿಯಿಂದ ಯಜಮಾನರು ಒಂದು ಎಳೆ ಕಿತ್ತರು.

“ಕಣ್ ಮುಚ್ಕೊ. ಮುಟ್ಟಿದಾಗೆಲ್ಲ ಊಂ ಅನ್ನು.”

ಮುಚ್ಚಿದೆ. ಕಾದೆ. ಬಸ್ಸಿನ ಹಾರ್ನ್ ಕೇಳಿಸಿತು. ಇನ್ನೂ ಕಾದೆ. “ಶುರು ಮಾಡಿ ಯಜಮಾನ್ರೆ” ಎಂದೆ. ಕಣ್ಣು ಬಿಟ್ಟರೆ ಹತ್ತಿಯ ಎಳೆ ಮಚ್ಚೆಯ ಮೇಲೇ ಆಡುತ್ತಿತ್ತು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು.

ಡಾಕ್ಟರಮ್ಮ ಮೆತ್ತಗೆ ಹೇಳಿದರು. ಇದು ಕುಷ್ಠ ಇರಬಹುದು, ಆಸ್ಪತ್ರೆಯಲ್ಲಿ ಖಚಿತ ಮಾಡಿಕೊಳ್ಳಬೇಕು. “ಹೆಸರಿಗೆ ಹೆದರಬೇಡಿ, ವಾಸಿಯಾಗುತ್ತೆ. ನರಕ್ಕೆ ಪೂರ್ತಿ ಪೆಟ್ಟು ಬಿದ್ದು ಬೆರಳು ಮಡಚಿಕೊಳ್ಳೋ ಮೊದಲೇ ಬಂದಿದ್ದೀರಿ. ಇನ್ನು ತಡ ಮಾಡಬೇಡಿ.”

ಬೆರಳು ಹೋದರೆ ಎಳೆ ಹುಡುಕುವವರು ಯಾರು? ಹೆಸರು ಹೊರಬಿದ್ದರೆ ಮದುವೆ ಎಲ್ಲಿ? ನಾನು ಓಣಿಯಲ್ಲೇ ಕೂತುಬಿಟ್ಟೆ. ಯಜಮಾನರು ಪಕ್ಕದಲ್ಲಿ ಕೂತು, “ಊರ್ಗೆ ಗೊತ್ತಾಗದಂಗೆ ವಾಸಿ ಮಾಡ್ಸನ ಬುಡು. ನನ್ ಹೆಂಡ್ರಿಗೂ ಏಳಾಕಿಲ್ಲ” ಎಂದರು. ಮಾರನೇ ದಿನ ಫೋಟೋ ಕಾಗದ ತರುವ ನೆಪ ಹೇಳಿ ನನ್ನ ಜೊತೆಗೇ ಕೊಳ್ಳೇಗಾಲದ ಬಸ್ಸು ಹತ್ತಿದರು. ಯಾರಾದರೂ ಕೇಳಿಯಾರೆಂದು ಮುಂದಿನ ಸೀಟಿನಲ್ಲಿ ಅಪರಿಚಿತರಂತೆ ಕೂತರು. ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಮಾತ್ರ ನನ್ನ ಹಿಂದೆಯೇ ನಿಂತರು. ಡಾಕ್ಟರಮ್ಮನ ಮಾತು ನಿಜವಾಯಿತು. ಆರು ತಿಂಗಳು ಮಾತ್ರೆ ನುಂಗಿದೆ. ತಿಂಗಳಿಗೊಮ್ಮೆ ಅದೇ ಓಣಿಯಲ್ಲಿ, ಅದೇ ಬಿಸಿಲಿನಲ್ಲಿ ಫೋಟೋ ತೆಗೆದು ಮೈಸೂರಿಗೆ ಕಳಿಸಿದರು. ನಾಲ್ಕನೇ ತಿಂಗಳು ಹತ್ತಿಯ ಎಳೆ ತಾಗಿ ನಾನು “ಊಂ” ಎಂದಾಗ, “ಇನ್ನೊಂದ್ಸಲ ಅನ್ನವ್ವಾ” ಎಂದು ಕೇಳಿದರು.

ಆಮೇಲೆ ಅವರು ಅಂಗಡಿಯ ಮುಂದೆ ಒಂದು ರಟ್ಟು ನೇತುಹಾಕಿದರು: ‘ಡಾಕ್ಟರಿಗೆ ಕಳಿಸಲು ಚರ್ಮದ ಫೋಟೋ ಇದ್ದಂಗೆ ತೆಗೆಯಲಾಗುವುದು.’ ಜನ ನಕ್ಕರು. ನಕ್ಕವರೇ ಹುಳುಕಡ್ಡಿ, ಇಸುಬು, ಮಕ್ಕಳ ಮೈಮೇಲಿನ ಗುಳ್ಳೆ ತೋರಿಸಲು ಬಂದರು. ಮಾರ್ಟಳ್ಳಿಯಿಂದ ತಮಿಳಿನ ಹೆಂಗಸರು ಬಂದರು. ಬಂದ ಪ್ರತಿಯೊಬ್ಬರಿಗೂ ಅವರು ಮೊದಲು ಒಂದು ಕತೆ ಹೇಳುತ್ತಿದ್ದರು. “ಒಂದು ಹೆಣ್ಮಗ ಬಂದಿತ್ತು, ಕೈ ಮೇಲೆ ಮಚ್ಚೆ. ನಾನು ಅಳ್ಸಿ ಕಳುಸ್ಬುಟ್ಟೆ. ತಪ್ಪು ನಂದು. ಅದ್ಕೇ ಈಗ ಏನೂ ಅಳ್ಸಕಿಲ್ಲ, ನೀವೂ ಏನೂ ಮುಚ್ಬ್ಯಾಡಿ.” ಯಾವ ಊರಿನ ಹುಡುಗಿ ಎಂದು ಕೇಳಿದರೆ, “ಮರ್ತೋಯ್ತು” ಎನ್ನುತ್ತಿದ್ದರು. ಮದುವೆ ಫೋಟೋಗಳಲ್ಲಿ ಮಾತ್ರ ಮೊಡವೆ ಒರೆಸುವುದನ್ನು ಬಿಡಲಿಲ್ಲ.

ನನಗೆ ಯಳಂದೂರಿನ ಕಡೆ ಮದುವೆಯಾಯಿತು. ಗಂಡನಿಗೆ ಮೊದಲೇ ಹೇಳಿದ್ದೆ. ಅತ್ತೆಗೆ ಹೇಳುವುದು ಬೇಡ ಎಂದು ನಮ್ಮವರೇ ತಡೆದಿದ್ದರು.

ಹೋದ ಕಾರ್ತಿಕದಲ್ಲಿ ಯಜಮಾನರು ಎದೆನೋವಿನಿಂದ ಲಿಂಗೈಕ್ಯರಾದರು. ಅವರ ಶಿವಗಣಾರಾಧನೆಗೆ ಹೊರಟಾಗ ಅತ್ತೆಯೂ ಜೊತೆಗೆ ಬಂದರು. ಊಟಕ್ಕೆ ಮುಂಚೆ ಒಬ್ಬೊಬ್ಬರೇ ಎದ್ದು ನಾಲ್ಕು ಮಾತಾಡಿದರು. ಅವರ ಭಾಮೈದ ಎದ್ದು, “ನಮ್ ಭಾವ ಕತೆ ಕಟ್ಟೋದ್ರಲ್ಲಿ ಎತ್ತಿದ ಕೈ. ಆ ಮಚ್ಚೆ ಹುಡ್ಗಿನೂ ಒಂದು ಕತೆನೇ ಕಣ್ರಿ. ಯಾವಳೂ ಇಲ್ಲ! ತಾನು ಮಾಡಿದ್ ತಪ್ಪ ಯಾರಾರ ಊರ್ಗೆಲ್ಲ ಸಾರ್ತಾರಾ?” ಎಂದರು. ಪ್ರೀತಿಯಿಂದಲೇ ಅಂದದ್ದು. ಎಲ್ಲರೂ ನಕ್ಕರು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಕತೆ ಅಲ್ಲ. ಆ ಹುಡ್ಗಿ ನಾನೇ. ನಂಗೆ ಕುಷ್ಠ ಇತ್ತು, ವಾಸಿಯಾಯ್ತು. ಮುಟ್ಟಿದ್ರೆ ಗೊತ್ತಾಯ್ತದಾ ಅಂತ ಡಾಕ್ಟ್ರು ಕೇಳಿದ್ರು. ಗೊತ್ತಾಯ್ತದೆ ಅಂತ ನಾನು ಸುಳ್ಳೇಳಿದ್ದೆ. ಅದು ಇವ್ರ ಫೋನಲ್ಲೇ ಇತ್ತು, ಓದವ್ರೆ. ಒಂದಿನಾನೂ ನನ್ನ ಕೇಳ್ಲಿಲ್ಲ, ಯಾರ್ಗೂ ಏಳ್ಲಿಲ್ಲ. ಅರ್ಧ ತಪ್ಪು ನಂದು. ಪೂರ್ತಿ ಅವ್ರು ಹೊತ್ಕಂಡ್ರು.”

ಬದುಕಿದ್ದಾಗ ಅವರ ಅಂಗಡಿಯ ಬಾಗಿಲಲ್ಲಿ ನಿಂತು ಇದೇ ಮಾತು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ ನನಗೆ. ಅದಕ್ಕಾಗಿ ಇವತ್ತಿಗೂ ನನ್ನನ್ನು ನಾನು ಬಯ್ದುಕೊಳ್ಳುತ್ತೇನೆ.

ಅತ್ತೆ ಸೆರಗು ಹಿಡಿದು ಕೆಳಗೆ ಕೂರಿಸಿದರು. ನನ್ನ ಎಡಗೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡು, ಮೊಣಕೈಯ ಕೆಳಗೆ, ಸರಿಯಾಗಿ ಬೊಬ್ಬೆಯ ಕಲೆ ಉಳಿದಿದ್ದ ಜಾಗದ ಮೇಲೆ, ತಮ್ಮ ಅಂಗೈ ಊರಿದರು. ಎಲೆ ಹಾಕುವವರೆಗೂ ತೆಗೆಯಲಿಲ್ಲ. ಕಳೆ ಕಿತ್ತು ಒರಟಾದ ಅಂಗೈ, ಬೆಚ್ಚಗಿತ್ತು. ಒರಟೂ ನನಗೆ ಗೊತ್ತಾಗುತ್ತಿತ್ತು, ಬಿಸಿಯೂ ಗೊತ್ತಾಗುತ್ತಿತ್ತು. ಅದು ಸ್ಟುಡಿಯೋ ಯಜಮಾನರು ನನಗೆ ಉಳಿಸಿಕೊಟ್ಟದ್ದು.