ಹಡ್ಲಿನ ಉಸಿರು ಹಿಡಿದ ಬೆಳಿಗ್ಗೆ

ಗೋಣಿಬೀಡಿನ ಬಸ್ ಕಂಡಕ್ಟರಿನಿಂದ ಹಿಡಿದು ನಮ್ಮ ಎಸ್ಟೇಟಿನ ಧಣಿಗಳವರೆಗೆ ಎಲ್ಲರ ದನಿಯನ್ನೂ ಥೇಟ್ ಅವರಂತೆಯೇ ತೆಗೆಯಬಲ್ಲ ನನಗೆ ಸುಮ್ಮನಿರುವ ವಿದ್ಯೆ ಮಾತ್ರ ಬರುವುದಿಲ್ಲ. ಅಂಥವನ ಜೀಪನ್ನೇ ಮೀಥೇನ್ ಅಳೆಯುವ ಮೇಡಂ ಬಾಡಿಗೆಗೆ ಹಿಡಿದರು.

ಹಿಂದಿನ ದಿನ ದೇವರಮನೆ ಕಡೆಯ ಕಾಡಿನಲ್ಲಿ ಅಳೆದಿದ್ದರು. ಅಲ್ಲಿಯ ಸಡಿಲ ಮಣ್ಣು ಗಾಳಿಯ ಮೀಥೇನನ್ನು ಒಳಗೆಳೆದುಕೊಳ್ಳುತ್ತದಂತೆ. ನಮ್ಮ ಎಸ್ಟೇಟಿನ ಕೆಳಗಿನ ಹಡ್ಲು, ವರ್ಷವಿಡೀ ನೀರು ಬಿಡದ ಆ ಜೌಗು, ಅದನ್ನೇ ಹೊರಗೆ ಬಿಡುತ್ತದಂತೆ.

"ಗೋಬರ್ ಗ್ಯಾಸೇ ಅಲ್ವಾ ಮೇಡಂ ಇದು? ಸಗಣಿ ಯಾರ್ ಹಾಕ್ತಾರೆ?" ಅಂದರು ದಾರಿ ತೋರಿಸಲು ಬಂದ ಎಸ್ಟೇಟಿನ ಮೇಸ್ತ್ರಿ.

"ಕೆಸರಲ್ಲಿ ಕೊಳೆಯೋ ಎಲೆನೇ ಸಾಕು ಅಣ್ಣ. ಕಾಲು ಮಾತ್ರ ಬಡೀಬೇಡಿ. ಕೆಸರು ಅಲುಗಿದ್ರೆ ಗುಳ್ಳೆ ಎಲ್ಲಾ ಒಟ್ಟಿಗೆ ಎದ್ದು ಲೆಕ್ಕ ಕೆಡುತ್ತೆ."

ಮಳೆಗಾಲದಲ್ಲಿ ನಮ್ಮೂರವರಿಗೆ ಹಾಗನ್ನುವುದೇ? ರಕ್ತ ಹೀರುವ ಆ ಕಾಡುಜಿಗಣೆ, ಇಂಬಳ, ಕಾಲಿಗೆ ಹತ್ತಿತೆಂಬ ಗುಮಾನಿ ಬಂದರೂ ಸಾಕು, ಕುಣಿಯುತ್ತೇವೆ. ಮೊದಲ ಪ್ರಯತ್ನ ಮೇಸ್ತ್ರಿಯ ಕುಣಿತಕ್ಕೇ ಬಲಿಯಾಯಿತು. ಗಾಳಿ ಹಿಡಿಯಲು ಮೇಡಂ ಕೆಸರಿನ ಮೇಲೆ ಕವುಚಿದ್ದ ಪೆಟ್ಟಿಗೆಯೊಳಗೆ ಗುಳುಗುಳು ಗುಳ್ಳೆ ಎದ್ದವು. ಗುಡ್ಡದ ಮೇಲೆ ಮತ್ತೆ ಮೋಡ ಕಟ್ಟುತ್ತಿತ್ತು. ಮಳೆ ಹೊಡೆದರೆ ಪೆಟ್ಟಿಗೆ ಮುಳುಗುತ್ತದೆ; ಆಮೇಲೆ ಈ ಮಳೆಗಾಲದ ಲೆಕ್ಕ ಸಿಗುವುದೇ ಇಲ್ಲ.

ಮೇಡಂ ನಮ್ಮಿಬ್ಬರನ್ನೂ ದಡಕ್ಕೆ ಅಟ್ಟಿ, ಕೆಸರಿಗೆ ಹಾಸಿದ್ದ ಹಲಗೆಯ ಮೇಲೆ ಕೂತರು. ಸಿರಿಂಜಿನಿಂದ ಪೆಟ್ಟಿಗೆಯ ಗಾಳಿ ಎಳೆದು ಪುಟ್ಟ ಶೀಶೆಗೆ ತುಂಬಿದರು, ಕಾದರು, ಮತ್ತೆ ಎಳೆದರು. ಅಷ್ಟರಲ್ಲಿ ಒಂದು ಇಂಬಳ ಅವರ ಕಣಕಾಲು ದಾಟಿ ಮೇಲೇರಿ ಕಚ್ಚಿಕೊಂಡಿತು. ನೋಡಿದರು. ಅಲುಗಲಿಲ್ಲ. ಆ ಕಾಲು ನನ್ನದಾಗಿದ್ದರೆ ಕೂಗು ಹೊರನಾಡಿನವರೆಗೆ ಕೇಳುತ್ತಿತ್ತು.

"ಅಯ್ಯೋ, ಇಂಬಳ!" ಅದನ್ನು ಬಿಡಿಸಲು ಎಲೆಡಿಕೆಯ ಸುಣ್ಣದ ಡಬ್ಬಿ ಹಿಡಿದು ಮೇಸ್ತ್ರಿ ಕೆಸರಿಗೆ ಇಳಿಯಲು ಕಾಲೆತ್ತಿದರು.

ನನ್ನ ಬಾಯಿಂದ ಧಣಿಗಳು ಹೊರಬಂದರು: "ಏಯ್ ಮೇಸ್ತ್ರಿ! ಅಲ್ಲೇ ನಿಲ್ಲೋ ಮಾರಾಯ!"

ಮೇಸ್ತ್ರಿ ಕೊಕ್ಕರೆಯಂತೆ ಒಂಟಿಗಾಲಲ್ಲೇ ನಿಂತರು. ಧಣಿಗಳ ಮುಂದೆ ಲುಂಗಿ ಎತ್ತಿ ಕಟ್ಟಿರಬಾರದಲ್ಲ. ಕೈ ತಾನಾಗಿ ಅದನ್ನು ಕೆಳಗಿಳಿಸಿತು. ಹಿಂದೆ ತಿರುಗಿ ಹುಡುಕಿದರೆ ಕಾಫಿ ಗಿಡಗಳು, ಮತ್ತೆ ನಾನು.

"ನಿನ್ ನಾಲಿಗೆಗೆ ಇಂಬಳ ಹತ್ತ!" ಎಂದು ಬೈದರು. ಅದನ್ನೂ ಪಿಸುದನಿಯಲ್ಲಿ, ಎಲ್ಲಿ ಕೆಸರು ಅಲುಗೀತೋ ಎಂದು.

ಮೇಡಂ ನಗು ಬಾರದಂತೆ ತುಟಿ ಕಚ್ಚಿಕೊಂಡೇ ಕೊನೆಯ ಶೀಶೆಯನ್ನೂ ತುಂಬಿದರು. ಮುಚ್ಚಳ ಬಿಗಿದು ಚೀಲಕ್ಕೆ ಸೇರಿಸಿದ ಮೇಲಷ್ಟೇ ರಕ್ತ ಇಳಿಯುತ್ತಿದ್ದ ಕಾಲನ್ನು ಚಾಚಿ, "ಸಿಕ್ತು ಅಣ್ಣ. ಈಗ ತನ್ನಿ ಸುಣ್ಣ," ಅಂದರು.

"ಮೊದ್ಲು ನಂಗೇ ಬೇಕು ಮೇಡಂ," ಎಂದು ಮೇಸ್ತ್ರಿ ಲುಂಗಿ ಎತ್ತಿದರು. ಮೊಣಕಾಲಿನ ಹಿಂದೆ ಸಾಲಾಗಿ ಇಂಬಳಗಳು ಕುಡಿದು ಉಬ್ಬಿದ್ದವು. ಅವರೂ ಅಲುಗಿರಲಿಲ್ಲ.