ಪೆಟ್ರೋಲ್ ತೊಳೆದ ಕುಶನ್ ಮಾವ

ಕುಶನ್ ಮಾವನಿಗೆ ಇಂಜಿನ್ನಿನ ಗಂಧಗಾಳಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅವನನ್ನೇ ಕೇಳಿದರೆ ಬೇರೆ ಥರ ಹೇಳುತ್ತಾನೆ. ಅವನ ಕಸುಬು ಸೀಟು ಹೊಲಿಯುವುದು. ಸೋಫಾ, ಆರಾಮಕುರ್ಚಿ, ಲಾರಿ ಸೀಟು, ಹಲ್ಲಿನ ಡಾಕ್ಟರ ಉದ್ದನೆ ಕುರ್ಚಿ, ಒಟ್ಟಿನಲ್ಲಿ ಮನುಷ್ಯ ಕೂತು ಕೂತು ಹರಿದುಹಾಕುವಂಥದ್ದು ಏನಿದ್ದರೂ ಅವನ ಅಂಗಡಿಗೆ ಬರಬೇಕು. ಅಂಗಡಿ ಅನ್ನುವುದೂ ಜಾಸ್ತಿಯಾಯಿತು. ಮನೆಯ ಮುಂದಿನ ಕೋಣೆ ಅದು. ಒಳಗೆ ಕಾಲಿಟ್ಟರೆ ಸ್ಪಂಜಿನ ಚೂರು ಬಟ್ಟೆಗೆ ಅಂಟಿಕೊಳ್ಳುತ್ತದೆ, ರೆಕ್ಸಿನ್ನಿನ ವಾಸನೆ ಮೂಗಿಗೆ ಅಡರುತ್ತದೆ, ಎಲ್ಲೋ ಒಂದು ಸ್ಪ್ರಿಂಗು ಹೊಂಚು ಹಾಕಿ ಕೂತಿರುತ್ತದೆ. ಬೀದಿಗೆಲ್ಲ ಅವನು ಮಾವ. ಯಾರಿಗೆ ಹೇಗೆ ಮಾವ ಅಂತ ಯಾರೂ ಲೆಕ್ಕ ಹಾಕಿಲ್ಲ.

ಅವನ ಕಾರು ಅವನ ಮದುವೆಗಿಂತ ಹಳೆಯದು. ಗುಂಡನೆಯ ದೀಪ, ಕೆನೆ ಬಣ್ಣ, ಎರಡು ಕೈ ಕೊಟ್ಟು ಎಳೆದರೆ ಮಾತ್ರ ಮುಚ್ಚುವ ಬಾಗಿಲು. ಒಳಗಿನ ಸ್ಪ್ರಿಂಗಿನ ಆಸೆಗೆ ಗುಜರಿಯಿಂದ ತಂದಿದ್ದ. ಬಿಚ್ಚೋಣ ಅಂತ ಸ್ಪ್ಯಾನರ್ ಹಿಡಿದು ಕೂತವನಿಗೆ ಅದೇನು ಕನಿಕರ ಬಂತೋ, ಬಿಚ್ಚುವ ಬದಲು ಹೊಲಿಯಲು ಶುರು ಮಾಡಿದ. ಅದರ ಸೀಟುಗಳ ಮೇಲೆ ಈಗ ರಾಜರಾಣಿಯರೂ ಕೂರಬಹುದು. ಮಿಕ್ಕಿದ್ದೆಲ್ಲ ಅಷ್ಟಕ್ಕಷ್ಟೆ.

ಮಗಳು ಚಿಕ್ಕವಳಿದ್ದಾಗ ಆ ಕಾರು ಗುರ್ ಅಂದರೆ ಸಾಕು, ನಿದ್ದೆಗೆ ಜಾರುತ್ತಿದ್ದಳು. ಹಟ ಹಿಡಿದು ಅಳುವ ದಿನ ಮನೆ ಸುತ್ತ ಒಂದು ಸುತ್ತು ಹೊಡೆದರೆ ಮುಗಿಯಿತು. ಆಗ ಮಾವ ಗುಂಡು ಹಾಕುತ್ತಿದ್ದ. ಸ್ವಲ್ಪ ಅಲ್ಲ, ಚೆನ್ನಾಗಿಯೇ ಹಾಕುತ್ತಿದ್ದ. ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಸಿನಿಮಾ ಟಾಕೀಸಿನ ಸೀಟುಗಳನ್ನೆಲ್ಲ ಹೊಲಿದು ಮುಗಿಸಿದ ಖುಷಿಗೆ ಮಟಮಟ ಮಧ್ಯಾಹ್ನವೇ ಏರಿಸಿ, ಅವಳನ್ನು ಕರೆತರಲು ಸ್ಕೂಲಿಗೆ ಹೋದ. ಹತ್ತಿಸಿಕೊಂಡ. ಸ್ಕೂಲಿನ ಕಾಂಪೌಂಡಿಗೇ ನೇರ ಹೋಗಿ ಗುದ್ದಿದ. ಕಾರು ಗುರ್ ಅಂದೊಡನೆ ನಿದ್ದೆಗೆ ಜಾರಿದ್ದ ಮಗುವಿನ ಗದ್ದ ಡ್ಯಾಶ್‌ಬೋರ್ಡಿಗೆ ಬಡಿದು ಸೀಳಿತು. ಜೀವನವಿಡೀ ಹೊಲಿಗೆ ಹಾಕಿದ ಮನುಷ್ಯ ಆ ಗದ್ದದ ಹೊಲಿಗೆಯನ್ನು ಇವತ್ತಿಗೂ ನೆಟ್ಟಗೆ ನೋಡಲಾರ.

ಆವತ್ತೇ ಆಸ್ಪತ್ರೆಯ ಬೆಂಚಿನ ಮೇಲೆ ಮಗಳ ಕೈ ಹಿಡಿದು ಹೇಳಿದ: "ಪುಟ್ಟೀ, ಇನ್ನು ಒಂದು ಹನಿ ನನ್ನ ಬಾಯಿಗೂ ಇಲ್ಲ, ಆ ಕಾರಿನೊಳಕ್ಕೂ ಇಲ್ಲ." ಮಾತು ಉಳಿಸಿಕೊಂಡ. ಅತಿಯಾಗಿಯೇ ಉಳಿಸಿಕೊಂಡ ಅನ್ನಿ. ಕುಡಿದು ಬಂದ ಸ್ವಂತ ಭಾವಮೈದನನ್ನು ಮಳೆಯಲ್ಲಿ ನಡೆಸಿಕೊಂಡೇ ಮನೆ ಮುಟ್ಟಿಸಿದ, ತಾನು ಪಕ್ಕದಲ್ಲಿ ಕಾರಿನಲ್ಲಿ ನಿಧಾನಕ್ಕೆ ಬರುತ್ತಾ. ಸೆಂಟು ಹಾಕಿಕೊಂಡು ಬಂದವರಿಗೆ ಜಾಗವಿಲ್ಲ. ಕೆಮ್ಮಿನ ಔಷಧಿಗೂ ಪ್ರವೇಶವಿಲ್ಲ. ಎಲ್ಲರೂ ಕೈಗೆ ಸ್ಯಾನಿಟೈಸರ್ ಬಳಿದುಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಇವನೊಬ್ಬ ಸೋಪಿನ ಡಬ್ಬಿ ಇಟ್ಟುಕೊಂಡು ಊರವರ ಕೈಯಲ್ಲಿ ನಗಿಸಿಕೊಂಡ.

ಆದರೆ ಮಗಳು ಮತ್ತೆ ಆ ಕಾರು ಹತ್ತಲಿಲ್ಲ. ಜಗಳ ಆಡಲಿಲ್ಲ, ಮುನಿಸಿಲ್ಲ, ಅಪ್ಪನ ಮೇಲೆ ಪ್ರೀತಿಗೇನೂ ಕಡಿಮೆಯಿಲ್ಲ. ಓದು ಮುಗಿಸಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿದಳು, ಮದುವೆಯಾಗಿ ಊರಿನ ಆ ತುದಿಗೆ ಹೋದಳು. ವಾರಕ್ಕೊಮ್ಮೆ ಬರುತ್ತಾಳೆ. ಹೊರಡುವಾಗ ಮಾವ ಬೀಗದ ಕೈ ಗಲಗಲ ಅನ್ನಿಸುತ್ತಾ, "ಬಿಟ್ಟು ಬರ್ತೀನಿ ಬಾ" ಅನ್ನುತ್ತಾನೆ. "ಬಸ್ಸಿದೆ ಅಪ್ಪ" ಅನ್ನುತ್ತಾಳೆ. ಅಷ್ಟೇ. ಆ ಬಸ್ಸಿನಲ್ಲಾದರೂ ನೆಮ್ಮದಿಯಾಗಿ ಕೂರುತ್ತಾಳೋ ಅಂದರೆ ಅದೂ ಇಲ್ಲ. ಕಂಬಿ ಬಿಗಿಯಾಗಿ ಹಿಡಿದು, ಡ್ರೈವರನ ಕುತ್ತಿಗೆಯನ್ನೇ ದಿಟ್ಟಿಸುತ್ತಾ, ರೆಪ್ಪೆ ಮಿಟುಕಿಸದೆ ಮನೆ ತಲುಪುತ್ತಾಳೆ. ಗಾಡಿ ಯಾವುದೇ ಇರಲಿ, ಅವಳಿಗೆ ಕಣ್ಣು ಮುಚ್ಚಲು ಬರುವುದಿಲ್ಲ. ಮಾವನಿಗೆ ಬದುಕಿನಲ್ಲಿ ಇನ್ನು ಬೇಕಾಗಿದ್ದು ಒಂದೇ, ಮಗಳು ಒಂದು ಸಲ ಆ ಕಾರು ಹತ್ತಬೇಕು.

ಹೀಗಿರುವಾಗ ಪೆಟ್ರೋಲ್ ಬಂಕಿನಲ್ಲಿ ಒಂದು ಹೊಸ ಚೀಟಿ ಅಂಟಿಸಿದರು. ಎಥನಾಲ್ ಮಿಶ್ರಿತ ಅಂತ.

"ಏನಮ್ಮಾ ಅದು ಎಥನಾಲು?" ಅಂತ ಮಾವ ಪೈಪು ಹಿಡಿದ ಹುಡುಗಿಯನ್ನು ಕೇಳಿದ.

"ಆಲ್ಕೋಹಾಲ್ ಸರ್. ಕಬ್ಬಿಂದ, ಜೋಳದಿಂದ ಮಾಡ್ತಾರಂತೆ. ಹೊಗೆ ಕಮ್ಮಿ."

ಮಾವ ಕೈಯಲ್ಲಿದ್ದ ಟ್ಯಾಂಕಿನ ಮುಚ್ಚಳವನ್ನು ಪಟ್ಟನೆ ಮುಚ್ಚಿದ. "ಮಿಕ್ಸ್ ಮಾಡದೇ ಇರೋದು ಕೊಡಿ."

"ಎಲ್ಲೂ ಸಿಗಲ್ಲ ಸರ್. ಎಲ್ಲರೂ ಇದನ್ನೇ ಹಾಕಿಸ್ತಾರೆ."

"ಎಲ್ಲರೂ ಹಾಕ್ತಾರೆ ಅಂತಲೇ ನಾನೂ ಒಂದು ಕಾಲದಲ್ಲಿ ಹಾಕಿದ್ದು ಕಣಮ್ಮ!" ಅಂದವನೇ ಕಾರು ತಿರುಗಿಸಿದ. ಹುಡುಗಿಗೆ ತಲೆಬುಡ ಅರ್ಥವಾಗಲಿಲ್ಲ.

ಸೀದಾ ಹೋಗಿದ್ದು ಮೆಕ್ಯಾನಿಕ್ ನಟ್ಟೂ ಹತ್ತಿರ. ನಟ್ಟು ಅನ್ನುವುದು ಬೀದಿಯವರು ಇಟ್ಟ ಹೆಸರು. ಯಾವ ಗಾಡಿ ರಿಪೇರಿ ಮಾಡಿದರೂ ಕೊನೆಗೆ ಒಂದು ನಟ್ಟು ಅವನ ಕೈಯಲ್ಲೇ ಉಳಿದುಬಿಡುತ್ತದೆ. ನಟ್ಟು ಬಾನೆಟ್ಟಿನೊಳಗೆ ತಲೆ ಹಾಕಿ, "ಈ ಹಳೇ ರಬ್ಬರ್ ಪೈಪುಗಳು ಆ ಪೆಟ್ರೋಲಿಗೆ ಉಬ್ಬಿ ಬಿರುಕು ಬಿಡ್ತವೆ ಮಾವ. ಹೊಸಾ ಥರದ್ದು ಹಾಕಿಬಿಡೋಣ. ಮತ್ತೆ ಗಾಡೀನ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಆ ಪೆಟ್ರೋಲು ತೇವ ಎಳ್ಕೊಳ್ಳುತ್ತೆ. ಅಷ್ಟು ನೋಡ್ಕೊಂಡ್ರೆ ಗಾಡಿಗೆ ಏನೂ ಆಗಲ್ಲ" ಅಂದ.

"ಗಾಡಿಗಲ್ಲವೋ, ನನ್ನ ಮಾತಿಗೆ ಆಗುತ್ತಲ್ಲ!"

ನಟ್ಟು ಸುಮ್ಮನಿದ್ದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಸುಮ್ಮನಿರುವ ಜಾಯಮಾನ ಅವನದಲ್ಲ. ಪೈಪು ಹಾಕಿ ಮುಗಿಸಿದವನೇ ಒಂದು ಗಾಜಿನ ಬಾಟಲಿಗೆ ಪೆಟ್ರೋಲು ಸುರಿದು, ಸ್ವಲ್ಪ ನೀರು ಬೆರೆಸಿ, ಗಡಗಡ ಅಲುಗಾಡಿಸಿ ಇಟ್ಟ. ಎರಡೂ ಬೇರೆಬೇರೆಯಾದವು. ಹಾಕಿದಾಗ ಒಂದು ಬೆರಳಿನಷ್ಟಿದ್ದ ನೀರು ಈಗ ತಳದಲ್ಲಿ ಎರಡು ಬೆರಳಿನಷ್ಟಾಗಿ ಕೂತಿತ್ತು.

"ನೋಡಿದ್ರಾ? ಪೆಟ್ರೋಲಲ್ಲಿದ್ದ ತೀರ್ಥ ಎಲ್ಲಾ ನೀರಿಗೆ ಇಳೀತು" ಅಂತ ಹಲ್ಲು ಕಿರಿದ. ಅವನು ತೋರಿಸಿದ್ದು ತಮಾಷೆಗೆ. ಮಾವನ ಕಣ್ಣು ಮಾತ್ರ ಮಿರಿಮಿರಿ ಮಿಂಚಿತು. ರೆಕ್ಸಿನ್ನಿನ ಮೇಲೆ ಚೆಲ್ಲಿದ ಶಾಯಿ, ಸೋಫಾದ ಮೇಲೆ ಮಕ್ಕಳು ಮಾಡಿದ ಅವಾಂತರ, ಎಂತೆಂಥ ಕಲೆಯನ್ನೋ ತೊಳೆದು ತೆಗೆದ ಕೈ ಅದು. ಪೆಟ್ರೋಲು ಯಾವ ಲೆಕ್ಕ!

ಮಾರನೇ ದಿನ ಹಿತ್ತಲಿನಲ್ಲಿ ಕಾರ್ಖಾನೆ ಶುರುವಾಯಿತು. ಎರಡು ದೊಡ್ಡ ಪ್ಲಾಸ್ಟಿಕ್ ಕ್ಯಾನು, ಒಂದು ಬಕೆಟ್ಟು, ಒಂದು ಆಲಿಕೆ. ಬಂಕಿನಿಂದ ತಂದ ಪೆಟ್ರೋಲಿಗೆ ನೀರು ಹಾಕಿ ಕುಲುಕುವುದು, ನೀರು ತಳಕ್ಕೆ ಕೂರುವ ತನಕ ಕಾಯುವುದು, ಮೇಲಿನದನ್ನು ಬಗ್ಗಿಸಿಕೊಂಡು ಕಾರಿಗೆ ಹಾಕುವುದು. ಹೆಂಡತಿ ಹಿತ್ತಲ ಬಾಗಿಲಿಗೆ ಬಂದು ನಿಂತವಳು ತಲೆ ಚಚ್ಚಿಕೊಂಡಳು.

"ರೀ, ಒಲೆ ಹಚ್ಚಲೋ ಬೇಡವೋ? ಹಚ್ಚಿದ್ರೆ ಅಡುಗೆ ಜೊತೆ ನಾವೂ ಬೇಯ್ತೀವಿ."

"ಇವತ್ತು ಹೋಟೆಲಿಂದ ತರ್ತೀನಿ, ಸುಮ್ನಿರು."

ಅವಳು ಒಳಗೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. "ತೆಗೆದ ಆ ನೀರನ್ನ ಏನ್ಮಾಡ್ತೀರಿ?"

"ನಟ್ಟೂಗೆ ಕೊಡ್ತೀನಿ, ಜಿಡ್ಡು ತೊಳ್ಕೊಳ್ಳೋಕೆ." ಅವಳು ಕೇಳಿದ್ದು ಯಾಕೆ ಅಂತ ಆಮೇಲೆ ಹೊಳೆದು ಮಾವನಿಗೆ ಉರಿದುಹೋಯಿತು. "ಥೂ! ಅದು ಗಬ್ಬು ನಾರುತ್ತೆ ಕಣೇ. ಕುಡಿದವನು ಸೀದಾ ಮೇಲಕ್ಕೇ."

"ಆಗ ಕುಡೀತಿದ್ದದ್ದೇನು ಮಲ್ಲಿಗೆ ಥರ ಘಮ ಅಂತಿತ್ತಾ?"

ಮಾವ ಮತ್ತೆ ಕ್ಯಾನು ಕುಲುಕಲು ಶುರು ಮಾಡಿದ. ಆ ಬಕೆಟ್ಟು ನಟ್ಟೂ ಗ್ಯಾರೇಜು ಸೇರುವ ತನಕ ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅನುಮಾನ ಅಂತಲ್ಲ, ಭಯ. ಆ ಭಯ ಅವಳಿಗೆ ಯಾವತ್ತೂ ಪೂರ್ತಿ ಹೋಗಿರಲಿಲ್ಲ, ಅದು ಮಾವನಿಗೂ ಗೊತ್ತಿತ್ತು.

ಈ ತೊಳೆಯುವ ಕಾರ್ಯಕ್ರಮ ನಡೆಯುತ್ತಿರುವಾಗಲೇ ಮಗಳು ತನ್ನ ಕುರ್ಚಿ ತೆಗೆದುಕೊಂಡು ಹೋಗಲು ಬಂದಳು. ಅವಳ ಮನೆಯ ಆರಾಮಕುರ್ಚಿ ಅದು. ಮಾವ ಹೊಸ ಸ್ಪಂಜು ತುಂಬಿ, ನೀಲಿ ಬಟ್ಟೆ ಹೊದಿಸಿ, ಅಂಚಿಗೆಲ್ಲ ಕೈಹೊಲಿಗೆ ಹಾಕಿ ಮದುಮಗಳ ಹಾಗೆ ಮಾಡಿಟ್ಟಿದ್ದ. ಆ ಗಾತ್ರದ ಕುರ್ಚಿಯನ್ನು ಯಾವ ಕಂಡಕ್ಟರೂ ಬಸ್ಸಿಗೆ ಹತ್ತಿಸಲಾರ. ಮಾವ ಅದನ್ನು ಕಾರಿನ ತಲೆಯ ಮೇಲೆ ಹಗ್ಗ ಹಾಕಿ ಕಟ್ಟಿದ.

"ಕುರ್ಚಿ ನೀನು ತಗೊಂಡು ಹೋಗಿರಪ್ಪ. ನಾನು ಹಿಂದೆ ಬಸ್ಸಲ್ಲಿ ಬರ್ತೀನಿ" ಅಂದಳು ಮಗಳು. ಮಾವ ಹೂಂ ಅಂದ. ಕುರ್ಚಿಯೂ ಕಾರು ಹತ್ತಿತು, ಮಗಳು ಹತ್ತಲಿಲ್ಲವಲ್ಲ ಅಂದುಕೊಂಡು, ಹಗ್ಗ ಸರಿಮಾಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದ.

ಮಗಳು ಕೈ ತೊಳೆಯಲು ಹಿತ್ತಲಿಗೆ ಹೋದಳು. ಕ್ಯಾನು, ಬಕೆಟ್ಟು, ಆಲಿಕೆ ನೋಡಿ, "ಅಮ್ಮಾ, ಏನಿದು ಗಲೀಜು?" ಅಂತ ಕೂಗಿದಳು.

"ನಿಮ್ಮಪ್ಪ ಪೆಟ್ರೋಲ್ ತೊಳೀತಾರೆ."

"ಏನ್ ತೊಳೀತಾನೆ?"

"ಪೆಟ್ರೋಲ್ ಕಣೇ, ಪೆಟ್ರೋಲ್! ಅದರಲ್ಲಿ ಈಗ ಆಲ್ಕೋಹಾಲ್ ಬರುತ್ತಂತೆ. ಕಾರಿನೊಳಕ್ಕೆ ಒಂದು ಹನೀನೂ ಇಲ್ಲ ಅಂತ ನಿನಗೆ ಮಾತು ಕೊಟ್ಟಿದ್ದಾರಂತಲ್ಲ, ಅದಕ್ಕೆ."

ಮಗಳು ಕ್ಯಾನನ್ನೊಮ್ಮೆ, ಆಲಿಕೆಯನ್ನೊಮ್ಮೆ ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡಳು, ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡರೂ ಮತ್ತೆ ಬಂತು. ಆ ನೀರು ನಗುವಿನದೇ ಅಂತ ಅಮ್ಮನೂ ಅಂದುಕೊಳ್ಳಲಿಲ್ಲ. ಮಗಳು ಹೊರಗೆ ಬಂದವಳೇ ಕಾರಿನ ಬಾಗಿಲನ್ನು ಎರಡು ಕೈಯಲ್ಲಿ ಎಳೆದು ಮುಂದಿನ ಸೀಟಿನಲ್ಲಿ ಕೂತಳು.

ಮಾವ ಹಗ್ಗ ಬಿಟ್ಟು ಕಿಟಕಿಯ ಹತ್ತಿರ ಬಂದ. "ಬಸ್ಸಿದೆಯಲ್ಲ ಪುಟ್ಟಿ?" ಅಂದುಬಿಟ್ಟ. ಅಂದಮೇಲೆ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸಿತು.

"ಹೊರಡಪ್ಪ, ಹೊತ್ತಾಯ್ತು."

ಹೊರಟರು. ಕುಶನ್ ಮಾವ ಜೀವಮಾನದಲ್ಲಿ ಅಷ್ಟು ನಿಧಾನ ಓಡಿಸಿರಲಿಲ್ಲ. ಸೈಕಲ್ಲಿನವರು ಹಿಂದೆ ಹಾಕಿ ತಿರುಗಿ ನೋಡಿ ಹೋದರು. ಮಗಳು ಬಾಗಿಲ ಹಿಡಿಯನ್ನು ಭದ್ರವಾಗಿ ಹಿಡಿದು, ಕಣ್ಣು ಅಗಲಿಸಿಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಮೇಲ್ಸೇತುವೆ ಹತ್ತುತ್ತಾ ಅರ್ಧ ಏರಿರಬೇಕು, ಕಾರು ಕೆಮ್ಮಿತು. ಇನ್ನೊಂದು ಸಲ ಕೆಮ್ಮಿತು. ಮುಗ್ಗರಿಸಿ, ಜಗ್ಗಿ, ನಿಂತೇ ಹೋಯಿತು.

ಆಗಿದ್ದಿಷ್ಟೆ. ನಟ್ಟೂ ಬಾಟಲಿ ಗಾಜಿನದು, ಒಳಗಿನದೆಲ್ಲ ಕಾಣುತ್ತಿತ್ತು. ಮಾವನ ಕ್ಯಾನು ಪ್ಲಾಸ್ಟಿಕ್ಕಿನದು. ಪೆಟ್ರೋಲು ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಅಂತ ಕಾಣದೆ, ಕೊನೆಯ ಹನಿಯನ್ನೂ ಬಿಡಬಾರದು ಅಂತ ಜಿಪುಣತನ ಮಾಡಿ ನೀರನ್ನೂ ಟ್ಯಾಂಕಿಗೆ ಬಗ್ಗಿಸಿದ್ದ. ಸಮತಟ್ಟಿನಲ್ಲಿ ತಣ್ಣಗೆ ತಳದಲ್ಲಿದ್ದ ನೀರು ಏರು ಬಂದಾಗ ಹಿಂದಕ್ಕೆ ಸರಿದು ಪೈಪಿನ ಬಾಯಿಗೇ ಬಂದು ಕೂತಿತ್ತು.

ಹಿಂದಿನಿಂದ ಹಾರನ್ನುಗಳ ಮೇಳ. ಒಬ್ಬ ಲಾರಿ ಡ್ರೈವರ್ ತಲೆ ಹೊರಹಾಕಿ, "ಏನ್ ಸಾಹೇಬ್ರೇ, ಕುರ್ಚಿ ಇಳಿಸಿ ಇಲ್ಲೇ ಕೂರ್ತೀರಾ?" ಅಂದ. ಮಾವನ ಕಿವಿಗೆ ಯಾವುದೂ ಬೀಳಲಿಲ್ಲ. ಬೀಗದ ಕೈ ತಿರುಗಿಸಿ ತಿರುಗಿಸಿ ನೋಡಿದ. ಇಷ್ಟು ವರ್ಷಕ್ಕೆ ಹತ್ತಿದ್ದಾಳೆ, ಹತ್ತಿದ ದಿನವೇ ನಡುರಸ್ತೆಯಲ್ಲಿ ಕೈಕೊಟ್ಟೆನಲ್ಲ, ಇನ್ನು ಈ ಜನ್ಮದಲ್ಲಿ ಹತ್ತುವುದಿಲ್ಲ ಅಂತ ಅವನಿಗೆ ಖಾತ್ರಿಯಾಗಿಹೋಯಿತು.

"ಇಳಿ ಪುಟ್ಟಿ, ಆಟೋ ಹಿಡಿದುಕೊಡ್ತೀನಿ."

ಮಗಳು ಇಳಿದಳು. ಆಟೋಗಲ್ಲ. ಕಾರಿನ ಮುಂದೆ ಬಂದು ಬಾನೆಟ್ಟಿಗೆ ಎರಡು ಕೈ ಕೊಟ್ಟು, "ನ್ಯೂಟ್ರಲ್ಲಿಗೆ ಹಾಕಿ ಬ್ರೇಕ್ ಮೇಲೆ ಕಾಲಿಟ್ಕೋ. ಸೇತುವೆ ಕೆಳಗೆ ಬಂಕಿದೆ" ಅಂದಳು. ಲಾರಿಯವನೇ ಬೈದುಕೊಳ್ಳುತ್ತಾ ಇಳಿದು ಬಂದು ಹಿಂದಿನ ಗಾಡಿಗಳನ್ನು ಸರಿಸಿ ದಾರಿ ಮಾಡಿಕೊಟ್ಟ. ಕಾರು ಹಿಮ್ಮುಖವಾಗಿ, ತಲೆ ಮೇಲೆ ನೀಲಿ ಕುರ್ಚಿ ಹೊತ್ತುಕೊಂಡು, ಗಂಭೀರವಾಗಿ ಬಂಕಿನೊಳಕ್ಕೆ ಇಳಿಯಿತು.

ಫೋನಿನಲ್ಲಿ ನಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಲೇ ಏನೇನು ಬಿಚ್ಚಬೇಕು ಅಂತ ಹೇಳಿದ. ಬಂಕಿನವರು ಆ ಮೂಲೆಯಲ್ಲಿ ಮಾಡಿಕೊಳ್ಳಿ ಅಂತ ಬಕೆಟ್ಟು ಕೊಟ್ಟರು. ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಇದ್ದಬದ್ದದ್ದನ್ನೆಲ್ಲ ಇಳಿಸಿದರು, ಕಾರ್ಬ್ಯುರೇಟರಿನ ಬಟ್ಟಲು ತೆಗೆದು ಒರೆಸಿದರು. ಎಲ್ಲ ಮುಗಿದ ಮೇಲೆ ಹುಡುಗನೊಬ್ಬ ಪೈಪು ಹಿಡಿದು ಬಂದು, "ಎಷ್ಟು ಹಾಕಲಿ?" ಅಂದ. ಮಾವ ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಇಟ್ಟು ನಿಂತುಬಿಟ್ಟ.

"ಕೈ ತೆಗಿಯಪ್ಪ."

"ಮಾತು ಕೊಟ್ಟಿದ್ದೀನಿ ಪುಟ್ಟಿ."

ಮಗಳು ಆ ಅಂಗೈ ಹಿಡಿದು ಮೆತ್ತಗೆ ಸರಿಸಿದಳು. "ಮಾತು ಕೊಟ್ಟಿದ್ದು ನೀನು. ನೀನು ಉಳಿಸಿಕೊಂಡಿದ್ದೀಯ, ನಂಗೊತ್ತು. ಕಾರು ಯಾರಿಗೂ ಮಾತು ಕೊಟ್ಟಿಲ್ಲ, ಕುಡೀಲಿ ಬಿಡು." ಹುಡುಗನ ಕಡೆ ತಿರುಗಿ, "ಫುಲ್ ಮಾಡಪ್ಪ" ಅಂದಳು.

ಕಾರು ಕುಡಿಯಿತು. ಒಂದೇ ಸಲಕ್ಕೆ ಗುರ್ ಅಂತು. ಮೇಲ್ಸೇತುವೆಯನ್ನು ಈ ಸಲ ಲಗುಬಗೆಯಿಂದ ಹತ್ತಿ ಇಳಿಯಿತು. ಗಾಡಿಗೆ ಏನೂ ಆಗಲ್ಲ ಅಂತ ನಟ್ಟು ಹೇಳಿದ್ದೇ ನಿಜವಾಯಿತಲ್ಲ ಅಂತ ಮಾವನಿಗೆ ಮೈ ಉರಿಯಿತು. ಈ ಅವಮಾನವನ್ನು ಮಗಳ ಹತ್ತಿರ ಹೇಳಿಕೊಳ್ಳೋಣ ಅಂತ, "ಅಲ್ಲ ಕಣೇ, ಆ ನಟ್ಟು..." ಅಂತ ಶುರು ಮಾಡಿ ಪಕ್ಕಕ್ಕೆ ನೋಡಿದ.

ಮಗಳ ಕೈ ಬಾಗಿಲ ಹಿಡಿಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ತಲೆ ಸೀಟಿಗೆ ಒರಗಿತ್ತು, ಬಾಯಿ ಸ್ವಲ್ಪ ತೆರೆದಿತ್ತು. ಗದ್ದದ ಹೊಲಿಗೆ ಅವನ ಕಡೆಗೇ ತಿರುಗಿತ್ತು. ಗಾಢ ನಿದ್ದೆ.

ಮಾವ ಕಾರಿನ ವೇಗ ಇಳಿಸಿದ. ಅವಳ ಬೀದಿಯ ತಿರುವು ಬಂತು, ಆ ಬೀದಿಯಲ್ಲಿ ಗುಂಡಿ ಜಾಸ್ತಿ. ತಿರುಗಿಸದೆ ನೇರ ಹೋದ. ಮುಂದಿನ ವೃತ್ತ ಬಳಸಿ ಮತ್ತೆ ಅಲ್ಲಿಗೇ ಬಂದ, ಮತ್ತೆ ತಿರುಗಿಸಲಿಲ್ಲ. ಟ್ಯಾಂಕು ಹೇಗೂ ಫುಲ್ ಇತ್ತು.