ಪೋರೂರಿನ ತೋಟದಲ್ಲಿ ಬೇಬಿ ಆಸ್ಟಿನ್

ತಿರುವಲ್ಲಿಕ್ಕೇಣಿಯ ಹೋಟೆಲಿನ ಗಲ್ಲಾದಲ್ಲಿ ಮಧ್ವರಾಜನನ್ನು ಕೂರಿಸುವುದೆಂದರೆ ಬೆಕ್ಕನ್ನು ಬುಟ್ಟಿಯಡಿ ಮುಚ್ಚಿಟ್ಟ ಹಾಗೆ. ಗಿರಾಕಿಗಳು ಚಿಲ್ಲರೆಗೆ ಕೈಚಾಚಿ ನಿಂತಿರುವಾಗ ಇವನು ಒಳಗೆ ಕಾಫಿಬೀಜ ಹುಡಿ ಮಾಡುವ ಯಂತ್ರವನ್ನು ಬಿಚ್ಚಿ ಹರಡಿಕೊಂಡಿರುತ್ತಿದ್ದ. ಅದು ಕೆಟ್ಟಿತ್ತೆಂದಲ್ಲ. ಒಳಗೆ ಏನೋ ಸಣ್ಣಗೆ ಉಜ್ಜುತ್ತಿದೆ ಎಂದು ಅವನ ಕಿವಿಗೆ ಅನಿಸಿದರೆ ಸಾಕು, ಮತ್ತೆ ಕೂತಲ್ಲಿ ಕೂರುವುದು ಅವನಿಂದಾಗುತ್ತಿರಲಿಲ್ಲ.

ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ತಮಿಳು ಸೀಮೆಗೆ ಬಂದ ಅಪ್ಪಯ್ಯ ಕಟ್ಟಿದ ಹೋಟೆಲು ಅದು. ಅಪ್ಪಯ್ಯ ತೀರಿಕೊಂಡ ಮೇಲೆ ಹಿರಿಯವನಾದ ರಘುರಾಮ ನೋಡಿಕೊಳ್ಳುತ್ತಿದ್ದ. ತಮ್ಮನ ಕಾಟಕ್ಕೆ ರೋಸಿ, ಐವತ್ತಾರನೆಯ ಇಸವಿಯ ಸುಮಾರಿಗೆ ಒಂದು ದಿನ ಅವನು ಹೇಳಿಬಿಟ್ಟ: "ನೀನು ಪೋರೂರಿಗೆ ಹೋಗು ಮಾರಾಯ. ತೋಟ ನೋಡ್ಕೊ. ಅಲ್ಲಿ ಎಷ್ಟು ಬೇಕಾದರೂ ತಿರುಗಾಡು."

ಪೋರೂರು ಕೆರೆಯ ಕೆಳಗೆ ಹೋಟೆಲಿಗೆ ಬೇಕಾದ ತರಕಾರಿ, ಬಾಳೆಲೆ ಬೆಳೆಯುವ ತೋಟವಿತ್ತು. ಮಧ್ವರಾಜ ಹೆಂಡತಿ ಸುಗುಣಾಳನ್ನು ಕರೆದುಕೊಂಡು ಅಲ್ಲಿಗೆ ಹೋದ. ಮದುವೆಯಾದಾಗಿನಿಂದ ಮನೆ ಬದಲಿಸಿ ಬದಲಿಸಿ ಸುಗುಣಾಳಿಗೆ ಸಾಕಾಗಿತ್ತು. ಪಾತ್ರೆಗಳನ್ನು ಜೋಡಿಸಿಡುತ್ತಾ ಅವಳು, "ಇಲ್ಲಿಂದ ಮಾತ್ರ ನನ್ನನ್ನು ಎಬ್ಬಿಸಬೇಡಿ," ಎಂದಳು. ಅವನು ಹೂಂಗುಟ್ಟಿದ. ಕಣ್ಣು ಮಾತ್ರ ಬಾಗಿಲಾಚೆಯೇ ಇತ್ತು.

ಅದೇ ವರ್ಷ ಊರಿಗೆ ಹೊರಟ ಒಬ್ಬ ಇಂಗ್ಲಿಷ್ ದೊರೆ ಬಂಗಲೆಯ ಸಾಮಾನೆಲ್ಲ ಮಾರುತ್ತಿದ್ದ. ಅದರಲ್ಲೊಂದು ತೋಟದ ಟ್ರ್ಯಾಕ್ಟರಿತ್ತು. ಎತ್ತಿನಷ್ಟೂ ಎತ್ತರವಿಲ್ಲದ, ಒಬ್ಬರೇ ಕೂರುವಂಥ ಪುಟ್ಟ ಗಾಡಿ. ಮಧ್ವರಾಜ ಅದನ್ನು ತಂದು ಒಂದು ಬೆಳೆ ಉತ್ತ. ಎರಡನೆಯ ಬೆಳೆಗೆ ಗಟ್ಟಿ ನೆಲದಲ್ಲಿ ಹಟಹಿಡಿದು ಓಡಿಸಿದ್ದಕ್ಕೆ ಅದರ ಒಂಟಿ ಸಿಲಿಂಡರಿನ ಎಂಜಿನ್ನು ಸೀಳಿಹೋಯಿತು. ಅಂಥದ್ದರ ಬಿಡಿಭಾಗ ಪ್ಯಾರೀಸ್ ಕಾರ್ನರಿನಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ. ವಿಲಾಯಿತಿಯಿಂದ ತರಿಸುವುದಂತೂ ಆಗ ಆಗದ ಮಾತು.

ಒಂದು ವಾರ ಅವನಿಗೆ ಊಟ ಸೇರಲಿಲ್ಲ. ಬೇಲಿಯುದ್ದಕ್ಕೂ ಹೋಗುವುದು, ಬರುವುದು, ಸತ್ತ ಟ್ರ್ಯಾಕ್ಟರಿನ ಮುಂದೆ ಕುಕ್ಕರಗಾಲಿನಲ್ಲಿ ಕೂರುವುದು, ಮತ್ತೆ ಏಳುವುದು. ಕೊನೆಗೆ ಒಂದು ಮಧ್ಯಾಹ್ನ ಬಡಿಸಿದ ಎಲೆಯ ಮುಂದಿನಿಂದ ಎದ್ದೇಬಿಟ್ಟ.

"ಅಪ್ಪಯ್ಯನ ಕಾರು ಉಂಟಲ್ಲ!"

ಸುಗುಣಾ ಅನ್ನದ ಪಾತ್ರೆ ಕೆಳಗಿಟ್ಟಳು. ಹೋಟೆಲಿನ ಹಿತ್ತಲಿನ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಬೇಬಿ ಆಸ್ಟಿನ್ ಕಾರು ಅಪ್ಪಯ್ಯನ ಮೊದಲ ಕಾರು, ಕೊನೆಯದೂ ಅದೇ. ಸಮುದ್ರದ ಗಾಳಿಗೆ ತಗಡೆಲ್ಲ ತಿಂದುಹೋಗಿತ್ತು. ಆದರೂ ಆಯುಧಪೂಜೆಗೆ ರಘುರಾಮ ತಪ್ಪದೆ ಅದಕ್ಕೆ ಹೂವಿನ ಹಾರ ಹಾಕುತ್ತಿದ್ದ.

"ಭಾವನನ್ನು ಕೇಳಿ ತೆಗೀರಿ."

"ಕೇಳ್ತೇನೆ."

ಕೇಳಲಿಲ್ಲ. ಕೇಳಬೇಕೆಂದೇ ಹೋಟೆಲಿಗೆ ಹೋಗಿದ್ದ. ರಘುರಾಮ ಯಾವುದೋ ಮದುವೆಯ ಅಡಿಗೆಗೆಂದು ಕಾಂಚೀಪುರಕ್ಕೆ ಹೋಗಿದ್ದ. ಅವನು ಬರುವವರೆಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಸಂಜೆಯೊಳಗೆ ಎಂಜಿನ್ನೂ ಅದರ ಹಿಂದಿನ ಗೇರ್‌ಬಾಕ್ಸೂ ಎತ್ತಿನಗಾಡಿಯಲ್ಲಿ ಪೋರೂರಿನ ದಾರಿ ಹಿಡಿದಿದ್ದವು.

ಪುದುಪೇಟೆಯಲ್ಲಿ ಬೆಸುಗೆ ಹಾಕುವ ಕಿಟ್ಟಣ್ಣನನ್ನು ಮಧ್ವರಾಜ ಕರೆತಂದ. ಮಂಗಳೂರಿನಿಂದ ಬಂದು ಎಷ್ಟೋ ಕಾಲವಾಗಿದ್ದ ಕಿಟ್ಟಣ್ಣನ ಕನ್ನಡದಲ್ಲಿ ಅರ್ಧ ತಮಿಳು. ಅವನು ಎಂಜಿನ್ನನ್ನೂ ಟ್ರ್ಯಾಕ್ಟರನ್ನೂ ಗೇಣು ಹಾಕಿ ಅಳೆದು ನಕ್ಕ.

"ಎಂತ ಸ್ವಾಮಿ, ಸಣ್ಣ ಚೊಕ್ಕಾಯಿಗೆ ದೊಡ್ಡ ಆಳನ್ನು ತುರುಕ್ತೀರಾ?"

"ಅಂಗಿಯನ್ನೇ ದೊಡ್ಡದು ಮಾಡುವ," ಎಂದ ಮಧ್ವರಾಜ.

ಹಾಗೇ ಮಾಡಿದರು. ಟ್ರ್ಯಾಕ್ಟರಿನ ಚೌಕಟ್ಟನ್ನು ನಡುವೆ ಕತ್ತರಿಸಿ, ಕಬ್ಬಿಣದ ಪಟ್ಟಿ ಬೆಸೆದು ಉದ್ದ ಮಾಡಿ, ಮುಂದಿನ ಚಕ್ರಗಳನ್ನು ಮೊಳದಷ್ಟು ಮುಂದಕ್ಕೆ ತಳ್ಳಿದರು. ಕಾರಿನ ಎಂಜಿನ್ನು ಓಡುವ ವೇಗಕ್ಕೂ ನೇಗಿಲು ಎಳೆಯುವ ನಡಿಗೆಗೂ ಅಜಗಜಾಂತರ. ಆ ವೇಗ ತಗ್ಗಿಸಲು ಕಾರಿನ ಗೇರ್‌ಬಾಕ್ಸಿನ ಹಿಂದೆಯೇ ಟ್ರ್ಯಾಕ್ಟರಿನದನ್ನೂ ಸಾಲಾಗಿ ಜೋಡಿಸಿದರು. ಎರಡರ ನಡುವಿನ ಕೊಂಡಿ ಎಷ್ಟು ಸಲ ಮಾಡಿದರೂ ಕೂದಲೆಳೆಯಷ್ಟು ಓರೆ. ಹಾಗೇ ಬಿಟ್ಟರೆ ಅದುರಿ ಅದುರಿ ಮುರಿಯುತ್ತದೆ. ಕಿಟ್ಟಣ್ಣ "ಪರವಾಯಿಲ್ಲ" ಎಂದಾಗಲೆಲ್ಲ ಮಧ್ವರಾಜ ಮತ್ತೆ ಬಿಚ್ಚಿಸಿದ. ಇತ್ತ ಬದನೆಗೆ ಹುಳ ಬಿದ್ದಿತ್ತು. ಆಳುಗಳನ್ನು ಕರೆದುಕೊಂಡು ಸುಗುಣಾಳೇ ಬೂದಿ ಎರಚಿದಳು. ಅವನಿಗೆ ಅದು ಕಂಡರೂ ಕಾಣಲಿಲ್ಲ. ಅಣ್ಣನಿಗೆ ಇವತ್ತು ಹೇಳಬೇಕು, ನಾಳೆ ಹೇಳಬೇಕು ಎಂಬುದೊಂದು ಮುಳ್ಳು ಒಳಗೊಳಗೇ ಚುಚ್ಚುತ್ತಿತ್ತು. ಚುಚ್ಚಿದಷ್ಟೂ ಅವನು ಸ್ಪ್ಯಾನರನ್ನು ಬಿಗಿಯಾಗಿ ಹಿಡಿಯುತ್ತಿದ್ದ.

ಹೇಳುವ ಮೊದಲೇ ರಘುರಾಮ ಬಂದ. ಆಯುಧಪೂಜೆ ಹತ್ತಿರ ಬಂತೆಂದು ಟಾರ್ಪಾಲು ತೆಗೆಸಿದ್ದನಂತೆ. ಬಾನೆಟ್ಟಿನ ಒಳಗೆ ಏನೂ ಇರಲಿಲ್ಲ.

ಅವನು ತೋಟದೊಳಗೆ ಕಾಲಿಡುವ ಹೊತ್ತಿಗೆ ಮಧ್ವರಾಜ ಮೊದಲ ಸಲ ಟ್ರ್ಯಾಕ್ಟರಿನ ಮೇಲೆ ಕೂತಿದ್ದ, ಎಂಜಿನ್ನು ಓಡುತ್ತಿತ್ತು. ಅಣ್ಣನನ್ನು ಕಂಡವನೇ, ಮಾತಿಗಿಂತ ಓಡಿಸಿ ತೋರಿಸುವುದೇ ಮೇಲೆಂದುಕೊಂಡು ಗೇರು ಹಾಕಿ ಕ್ಲಚ್ಚು ಬಿಟ್ಟ. ಗಾಡಿ ಜಿಗಿಯಿತು, ಹಿಂದಕ್ಕೆ.

"ಸಾಮಿ, ವಂಡಿ ಪಿನ್ನಾಡಿ ಪೋಗುದು!" ಎಂದು ಆಳುಗಳು ಕಿರುಚಿಕೊಂಡು ಚದುರಿದರು. ಗಾಬರಿಯಲ್ಲಿ ಬ್ರೇಕು ಕಾಲಿಗೆ ಸಿಗಲಿಲ್ಲ. ಹಿಂದೆ ಪಡುವಲಕಾಯಿಯ ಚಪ್ಪರವಿತ್ತು. ಕಂಬಗಳು ಒಂದೊಂದಾಗಿ ಮುರಿದು, ಬಳ್ಳಿ ಕಾಯಿಗಳೊಂದಿಗೆ ಇಡೀ ಚಪ್ಪರ ಅವನ ತಲೆಯ ಮೇಲೆ ಕುಸಿಯಿತು.

ಆಳುಗಳು ಬಳ್ಳಿ ಸರಿಸಿದಾಗ ರಘುರಾಮ ಎದುರಿಗೆ ನಿಂತಿದ್ದ.

"ಪೆಟ್ಟಾಯ್ತಾ?"

"ಇಲ್ಲ ಅಣ್ಣಯ್ಯ."

"ನನ್ನನ್ನು ಒಂದು ಮಾತು ಕೇಳಬಾರದಿತ್ತಾ?"

ಮಧ್ವರಾಜ ಕೊರಳಿನ ಬಳ್ಳಿ ಬಿಡಿಸಿಕೊಂಡು ಕೆಳಗಿಳಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ರಘುರಾಮ ಬೈಯಲಿಲ್ಲ. ಸುಗುಣಾ ತಂದ ಮಜ್ಜಿಗೆ ಕುಡಿದು, ಲೋಟ ಅವಳ ಕೈಗೇ ಕೊಟ್ಟು ಹೊರಟುಹೋದ. ಆಮೇಲೆ ತೋಟದ ಕಡೆ ತಲೆಹಾಕಲಿಲ್ಲ. ಹಬ್ಬಕ್ಕೆ ಇವರೇ ಹೋದರೆ ಅತ್ತಿಗೆ ಮಾತಾಡಿಸುವಳು, ಅಣ್ಣ ಮುಖ ಕೊಡುತ್ತಿರಲಿಲ್ಲ.

ಕಾರಿನ ಎಂಜಿನ್ನು ತಿರುಗುವ ದಿಕ್ಕು ಹಳೆಯದಕ್ಕೆ ತದ್ವಿರುದ್ಧ, ಆದದ್ದು ಅಷ್ಟೇ. ಹಿಂದಿನ ಚಕ್ರಗಳ ಅಚ್ಚನ್ನು ಅದರ ಹಲ್ಲುಚಕ್ರದ ಪೆಟ್ಟಿಗೆಯೊಂದಿಗೆ ಕಳಚಿ ತಲೆಕೆಳಗು ಮಾಡಿ ಕೂರಿಸಿದಾಗ ಗಾಡಿ ಮುಂದಕ್ಕೆ ಹೋಯಿತು. ಎಣ್ಣೆ ಹೊಯ್ಯುವ ತೂತು ಕೆಳಕ್ಕೆ ಹೋದದ್ದರಿಂದ ಮೇಲೊಂದು ಹೊಸ ತೂತು ಕೊರೆದರು. ನಿಧಾನದ ನಡಿಗೆಯಲ್ಲಿ ನೀರು ಕುದಿಯತೊಡಗಿದಾಗ ರೇಡಿಯೇಟರಿನ ಮೇಲೆ ಎಣ್ಣೆಡಬ್ಬಿಯೊಂದನ್ನು ಬೆಸೆದರು. ನೋಡಲು ವಿಕಾರ. ಆದರೆ ಗಟ್ಟಿ ನೆಲವನ್ನು ಅದು ಬೆಣ್ಣೆಯ ಹಾಗೆ ಸೀಳಿತು. ಕೋಯಂಬೇಡಿನ ಸೊಪ್ಪಿನ ತೋಟದವರೂ ಉಳಲು ಕರೆಯತೊಡಗಿದರು.

ಇಷ್ಟಾದ ಮೇಲೆ ಅವನು ನೆಮ್ಮದಿಯಿಂದಿರಬೇಕಿತ್ತು. ಗಾಡಿ ಸರಿಯಾಗಿ ಓಡತೊಡಗಿದ್ದೇ ತಡ, ಅದರ ಮೇಲೆ ಕೂರುವುದು ಅವನಿಗೆ ಬೇಸರವಾಯಿತು. ಅರ್ಧ ಗದ್ದೆ ಉತ್ತು ನಿಲ್ಲಿಸಿ, ಎಲ್ಲೋ ಬಾವಿಯ ಪಂಪು ಕೆಟ್ಟಿದೆಯೆಂದು ಸೈಕಲ್ಲು ಹತ್ತುವನು. ಮಳೆ ಬರುವುದರೊಳಗೆ ಉಳದಿದ್ದರೆ ಬೆಳೆಯಿಲ್ಲ. ಒಂದು ದಿನ ಸುಗುಣಾ ಸೆರಗು ಬಿಗಿದು ತಾನೇ ಹತ್ತಿ ಕೂತಳು. "ಹೇಳಿಕೊಡ್ತೀರೋ, ಇಲ್ಲ ನಾನೇ ಕಲೀಲೋ?" ಎಂದಳು. ಅವನು ಹೇಳಿಕೊಟ್ಟ. ಅವಳ ಸಾಲುಗಳು ಅವನವಕ್ಕಿಂತ ನೆಟ್ಟಗೆ ಬಂದವು. ಪೋರೂರಿನ ಹೆಂಗಸರು ಬೇಲಿಯ ಬಳಿ ಸಾಲಾಗಿ ನಿಂತು ನೋಡಿದರು.

ಅರವತ್ತೆರಡರ ಸುಮಾರಿಗೆ, ಸುಗುಣಾ ಉಳುತ್ತಿದ್ದ ಒಂದು ಬೆಳಿಗ್ಗೆ ಬಾವಿಯ ಬಳಿಯಿದ್ದ ಮಧ್ವರಾಜ ತಲೆಯೆತ್ತಿದರೆ, ಬೇಲಿಯಾಚೆ ರಘುರಾಮ ನಿಂತಿದ್ದ. ಕೈಗೆ ಕೋಲು ಬಂದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಕಣ್ಣು ಮುಚ್ಚಿತ್ತು. ಮಧ್ವರಾಜ ಹತ್ತಿರ ಹೋದ.

"ಅಪ್ಪಯ್ಯ ಕೊತ್ತವಾಲ್ ಚಾವಡಿ ಮಾರುಕಟ್ಟೆಯಿಂದ ತರಕಾರಿ ತುಂಬಿಸಿಕೊಂಡು ಬರುವಾಗ ಬೀದಿ ತಿರುವಿನಲ್ಲೇ ಗೊತ್ತಾಗ್ತಿತ್ತು ನೋಡು," ಎಂದ ರಘುರಾಮ. "ಅದೇ ಶಬ್ದ."

"ತಪ್ಪಾಯ್ತು ಅಣ್ಣಯ್ಯ."

"ಆಯ್ತಲ್ಲ, ಬಿಡು. ಶೆಡ್ಡಿನಲ್ಲಿ ಕಾರಿನ ಉಳಿದದ್ದು ಹಾಗೇ ಉಂಟು. ಬಂದು ತಕೊಂಡು ಹೋಗು. ಶೆಡ್ಡು ನನಗೆ ಬೇಕು."

ಮರುದಿನ ಬೆಳಕು ಹರಿಯುವ ಮೊದಲೇ ಮಧ್ವರಾಜ ಹೊರಟ. ಸಂಕ್ರಾಂತಿಯ ಹೊತ್ತಿಗೆ ಕಾರಿನ ಚಕ್ರಗಳ ಮೇಲೆ ಹಲಗೆ ಹಾಸಿದ ಗಾಡಿಯೊಂದು ಟ್ರ್ಯಾಕ್ಟರಿನ ಹಿಂದೆ ಸಿದ್ಧವಾಗಿತ್ತು. ಬಾಳೆಲೆಯ ಕಟ್ಟು, ಬೂದುಗುಂಬಳ ಹೇರಿ ಇಬ್ಬರೂ ಅದರಲ್ಲಿ ಮೊದಲ ಸಲ ಹೋಟೆಲಿಗೆ ಹೊರಟರು. ಸುಗುಣಾ ಓಡಿಸುತ್ತಿದ್ದಳು, ಅವನು ಹಿಂದೆ ಎಲೆಗಳ ಮೇಲೆ ಕೂತಿದ್ದ. ಗಿಂಡಿ ಎಂಬ ಊರಿನ ಹತ್ತಿರ ರಸ್ತೆಬದಿಯಲ್ಲಿ ಕೆಟ್ಟು ನಿಂತ ಲಾರಿಯೊಂದು ಕಂಡಿತು. ಡ್ರೈವರು ಬಾನೆಟ್ಟು ಎತ್ತಿಕೊಂಡು ತಲೆ ಕೆರೆಯುತ್ತಿದ್ದ.

"ಸ್ವಲ್ಪ ನಿಲ್ಲಿಸು," ಎಂದ ಮಧ್ವರಾಜ.

"ಎಲೆ ಬಾಡ್ತದೆ," ಎಂದಳು ಸುಗುಣಾ, ನಿಲ್ಲಿಸದೆ.

ಅವನು ಚಲಿಸುತ್ತಿದ್ದ ಗಾಡಿಯಿಂದಲೇ ಇಳಿದು, ಪಂಚೆ ಎತ್ತಿಕಟ್ಟಿಕೊಂಡು ಲಾರಿಯತ್ತ ನಡೆದ.